ಬಾಗ್ದಾದಿನಿಂದ ಪುಣೆಯ ಕೆಂಪು ದೇಗುಲದವರೆಗೆ: ದಾನಿ ಡೇವಿಡ್ ಸಸೂನ್

ಪುಣೆ ರೈಲು ನಿಲ್ದಾಣದಿಂದ ಹೊರಬಂದು ಸಸೂನ್ ಎಂದು ಹೇಳಿದರೆ ಸಾಕು, ರಿಕ್ಷಾದವರು ಬೇರೇನನ್ನೂ ಕೇಳದೆ ಸರಕಾರಿ ಆಸ್ಪತ್ರೆಯ ಗೇಟಿನ ಮುಂದೆ ತಂದು ನಿಲ್ಲಿಸುತ್ತಾರೆ. ಪುಣೆ ಮತ್ತು ಸುತ್ತಲಿನ ಜಿಲ್ಲೆಗಳ ಬಡವರ ಪಾಲಿಗೆ ಅದು ಕೊನೆಯ ಆಸರೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಇಲ್ಲಿಗೆ ಬಂದ ನಮ್ಮವರಲ್ಲೂ ಅಲ್ಲಿನ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರು ಸಾಕಷ್ಟು ಮಂದಿ ಇದ್ದಾರೆ. ಆದರೆ ಸಸೂನ್ ಎಂದರೆ ಯಾರು ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಯಾರೋ ಆಂಗ್ಲ ಅಧಿಕಾರಿ ಇರಬೇಕು ಎಂದು ಕೆಲವರು, ಪಾರ್ಸಿ ಸೇಠ್ ಇರಬೇಕು ಎಂದು ಇನ್ನು ಕೆಲವರು ಊಹಿಸುತ್ತಾರೆ.

ವಾಸ್ತವದಲ್ಲಿ ಅವರು ಆಂಗ್ಲರೂ ಅಲ್ಲ, ಪಾರ್ಸಿಯೂ ಅಲ್ಲ. ತನ್ನ ಊರಿನ ಆಳರಸರ ಕಾಟ ತಾಳಲಾರದೆ ಓಡಿಬಂದು, ನಲ್ವತ್ತರ ವಯಸ್ಸಿನಲ್ಲಿ ಮುಂಬಯಿಯಲ್ಲಿ ಬದುಕನ್ನು ಹೊಸದಾಗಿ ಆರಂಭಿಸಿದ ಯೆಹೂದಿ ವ್ಯಾಪಾರಿ. ಹುಟ್ಟಿದ್ದು ಬಾಗ್ದಾದಿನಲ್ಲಿ, ಗಳಿಸಿದ್ದು ಮುಂಬಯಿಯಲ್ಲಿ, ಕಣ್ಣು ಮುಚ್ಚಿದ್ದು ಪುಣೆಯಲ್ಲಿ. ಕ್ಯಾಂಪ್ ಪ್ರದೇಶದ ಮೊಲೆದಿನಾ ರಸ್ತೆಯಲ್ಲಿ ಎತ್ತರದ ಗೋಪುರ, ಗಡಿಯಾರ ಹೊತ್ತು ನಿಂತಿರುವ ಕೆಂಪು ಇಟ್ಟಿಗೆಯ ಕಟ್ಟಡದ ಆವರಣದಲ್ಲಿ ಅವರ ಸಮಾಧಿ ಇದೆ. ಮರಾಠಿ ಜನ ಅದನ್ನು ಲಾಲ್ ದೇವೂಳ್ ಎನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ಕೆಂಪು ದೇಗುಲ.

ಪರವೂರಿನಲ್ಲಿ ನೆಲೆ ನಿಂತ ಒಂದು ಸಣ್ಣ ಸಮಾಜ ತನ್ನ ಧರ್ಮ, ವಿದ್ಯೆ, ಕುಟುಂಬಗಳನ್ನು ಹೇಗೆ ಉಳಿಸಿಕೊಂಡಿತು, ಏನನ್ನು ಕಳೆದುಕೊಂಡಿತು ಎಂಬುದನ್ನು ತಿಳಿಯಲು ಹೊರನಾಡ ಕನ್ನಡಿಗರಾದ ನಾವು ಈ ಮಹನೀಯರ ಬದುಕನ್ನು ಒಮ್ಮೆ ನೋಡಬೇಕು.

ಖಜಾನೆಯ ಮನೆತನ

ಡೇವಿಡ್ ಸಸೂನ್ 1792ರಲ್ಲಿ ಬಾಗ್ದಾದಿನಲ್ಲಿ ಜನಿಸಿದರು. ಅಂದು ಬಾಗ್ದಾದ್ ತುರ್ಕಿಯ ಉಸ್ಮಾನಿ ಸಾಮ್ರಾಜ್ಯದ ಒಂದು ಪ್ರಾಂತ್ಯದ ರಾಜಧಾನಿ. ಯೆಹೂದಿಗಳು ಆ ನಾಡಿಗೆ ಹೊಸಬರಲ್ಲ. ಕ್ರಿಸ್ತಪೂರ್ವ ಆರನೇ ಶತಮಾನದಲ್ಲಿ ಬ್ಯಾಬಿಲೋನಿನ ಅರಸ ಜೆರುಸಲೇಮನ್ನು ಕೆಡವಿ ಅಲ್ಲಿನ ಜನರನ್ನು ಸೆರೆ ಹಿಡಿದು ತಂದ ಕಾಲದಿಂದಲೂ ಅವರು ಅಲ್ಲಿ ಬಾಳುತ್ತ ಬಂದವರು. ಯೆಹೂದಿ ಧರ್ಮಶಾಸ್ತ್ರದ ಮಹಾಗ್ರಂಥವಾದ ಬ್ಯಾಬಿಲೋನಿನ ತಾಲ್ಮುದ್ ರೂಪುಗೊಂಡದ್ದು ಆ ನಾಡಿನ ವಿದ್ಯಾಪೀಠಗಳಲ್ಲೇ. ಆದ್ದರಿಂದ ಬಾಗ್ದಾದಿನ ಯೆಹೂದಿಗೆ ವ್ಯಾಪಾರ ಎಷ್ಟು ಸಹಜವೋ ಶಾಸ್ತ್ರಪಾಠವೂ ಅಷ್ಟೇ ಸಹಜವಾಗಿತ್ತು.

ತಂದೆ ಸಸೂನ್ ಬಿನ್ ಸಾಲೆಹ್ ಬಾಗ್ದಾದಿನ ಪಾಶಾಗಳ ಮುಖ್ಯ ಖಜಾಂಚಿಯಾಗಿದ್ದರು. ಅದರೊಂದಿಗೆ ಯೆಹೂದಿ ಸಮಾಜದ ಮುಖಂಡ ಸ್ಥಾನವೂ ಅವರದಾಗಿತ್ತು. ಹೀಬ್ರೂ ಭಾಷೆಯಲ್ಲಿ ಸಸೂನ್ ಎಂದರೆ ಆನಂದ. ತಂದೆಯ ಹೆಸರನ್ನು ತನ್ನ ಹೆಸರಿನೊಂದಿಗೆ ಹಚ್ಚಿಕೊಳ್ಳುವ ಪದ್ಧತಿ ನಮ್ಮಲ್ಲೂ ಇದೆಯಷ್ಟೆ. ಹಾಗೆ ಮಗನ ಹೆಸರಿನ ಹಿಂದೆ ಬಂದ ತಂದೆಯ ಹೆಸರೇ ಮುಂದೆ ಇಡೀ ವಂಶದ ಹೆಸರಾಯಿತು.

ದಾವೂದ್ ಪಾಶಾ ಬಾಗ್ದಾದಿನ ಆಡಳಿತ ನಡೆಸುತ್ತಿದ್ದ ಕಾಲದಲ್ಲಿ ಸಿರಿವಂತ ಯೆಹೂದಿಗಳ ಮೇಲೆ ಕಿರುಕುಳ ಹೆಚ್ಚಿತು. ಹಣಕ್ಕಾಗಿ ಪೀಡನೆ, ಸೆರೆಮನೆ, ಜೀವಭಯ ಎಲ್ಲವೂ ಒಟ್ಟಿಗೆ ಬಂದವು. 1820ರ ದಶಕದ ಕೊನೆಗೆ ಡೇವಿಡ್ ಅವರು ಬಸ್ರಾ ಮಾರ್ಗವಾಗಿ ಇರಾನಿನ ಬಂದರು ಬುಶೇರ್‌ಗೆ ಪಾರಾದರು. ಮೊದಲ ಪತ್ನಿ ಹನ್ನಾ 1826ರಲ್ಲೇ ತೀರಿಕೊಂಡಿದ್ದರು. ಎರಡನೆಯ ಪತ್ನಿ ಫರ್ಹಾ. ವೃದ್ಧ ತಂದೆಯೂ ಬುಶೇರ್‌ಗೆ ಬಂದು ಮಗನನ್ನು ಸೇರಿಕೊಂಡರು. ಆದರೆ ಹೆಚ್ಚು ಕಾಲ ಬದುಕಲಿಲ್ಲ, 1830ರಲ್ಲಿ ಅಲ್ಲೇ ನಿಧನ ಹೊಂದಿದರು. ತಲೆಮಾರುಗಳ ಮನೆ, ಅಧಿಕಾರ, ಪ್ರತಿಷ್ಠೆ ಎಲ್ಲವೂ ಹಿಂದೆ ಉಳಿಯಿತು. ಕೈಯಲ್ಲಿ ಉಳಿದದ್ದು ವ್ಯಾಪಾರದ ಅನುಭವ ಮತ್ತು ಊರೂರುಗಳಲ್ಲಿದ್ದ ಪರಿಚಯಸ್ಥರ ನಂಬಿಕೆ ಮಾತ್ರ.

ಮುಂಬಯಿಯಲ್ಲಿ ಹೊಸ ಬದುಕು

1832ರಲ್ಲಿ ಡೇವಿಡ್ ಸಸೂನ್ ಸಂಸಾರ ಸಮೇತ ಮುಂಬಯಿಗೆ ಬಂದರು. ಅಂದಿನ ಮುಂಬಯಿ ಕೋಟೆಯ ಗೋಡೆಯೊಳಗಿನ ವ್ಯಾಪಾರದ ಊರು. ಪಾರ್ಸಿ, ಭಾಟಿಯಾ, ಖೋಜಾ, ಅರಬ್, ಅರ್ಮೇನಿಯನ್ ವರ್ತಕರ ನಡುವೆ ಬಾಗ್ದಾದಿನ ಯೆಹೂದಿಯೂ ಒಬ್ಬನಾಗಿ ಸೇರಿಕೊಳ್ಳಲು ಕಷ್ಟವಾಗಲಿಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಏಕಸ್ವಾಮ್ಯ ಕೊನೆಗೊಳ್ಳುತ್ತಿದ್ದ ಆ ಸಮಯದಲ್ಲಿ ಖಾಸಗಿ ವ್ಯಾಪಾರಿಗಳಿಗೆ ಅವಕಾಶದ ಬಾಗಿಲು ತೆರೆದಿತ್ತು.

ಸಸೂನರು ಮೊದಲು ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದರು. ಬಟ್ಟೆ, ಹತ್ತಿ ಮುಂತಾದ ಸರಕನ್ನು ಪರ್ಶಿಯಾ ಕೊಲ್ಲಿಯ ಬಂದರುಗಳಿಗೆ ಕಳುಹಿಸುವುದು, ಅಲ್ಲಿಂದ ಬಂದ ಸರಕನ್ನು ಇಲ್ಲಿ ಮಾರುವುದು. ಅರಬ್ಬಿ, ಹೀಬ್ರೂ, ಪರ್ಶಿಯನ್, ತುರ್ಕಿ ಭಾಷೆಗಳು ಅವರಿಗೆ ಬರುತ್ತಿದ್ದವು. ಇಲ್ಲಿಗೆ ಬಂದ ಮೇಲೆ ಹಿಂದೂಸ್ತಾನಿಯನ್ನೂ ಕಲಿತರು. 1853ರಲ್ಲಿ ಬ್ರಿಟಿಷ್ ಪ್ರಜೆಯಾದರೂ ಅವರ ಉಡುಗೆ ಬದಲಾಗಲಿಲ್ಲ. ಬಾಗ್ದಾದಿನ ನಿಲುವಂಗಿ, ತಲೆಗೆ ರುಮಾಲು, ಉದ್ದನೆಯ ಬಿಳಿ ಗಡ್ಡ. ಪೌರತ್ವದ ಕಾಗದಕ್ಕೆ ಅವರು ಸಹಿ ಹಾಕಿದ್ದೂ ಹೀಬ್ರೂ ಅಕ್ಷರಗಳಲ್ಲೇ.

ವ್ಯಾಪಾರ ಬೆಳೆದಂತೆ ಬಾಗ್ದಾದಿನಿಂದ ನೆಂಟರಿಷ್ಟರು, ಊರವರು ಒಬ್ಬೊಬ್ಬರಾಗಿ ಬರತೊಡಗಿದರು. ಊರಿನ ಹುಡುಗರನ್ನು ಕರೆತಂದು ಮೊದಲು ಲೋಟ ತೊಳೆಯುವುದರಿಂದ ಆರಂಭಿಸಿ, ಗಲ್ಲಾಪೆಟ್ಟಿಗೆಯವರೆಗೆ ಏರಿಸಿದ ನಮ್ಮ ಉಡುಪಿ ಹೋಟೆಲಿನ ಹಿರಿಯರನ್ನು ನೆನಪಿಸಿಕೊಂಡರೆ ಈ ವ್ಯವಸ್ಥೆ ಸುಲಭವಾಗಿ ಅರ್ಥವಾದೀತು. ಸಸೂನರ ಸಂಸ್ಥೆಗೆ ಬಂದು ಸೇರಿದ ಯೆಹೂದಿ ಯುವಕನಿಗೆ ಕೆಲಸದೊಂದಿಗೆ ವಸತಿ, ಮಕ್ಕಳಿಗೆ ಶಾಲೆ, ಕಾಯಿಲೆಗೆ ಔಷಧ, ಪ್ರಾರ್ಥನೆಗೆ ಮಂದಿರ, ಕೊನೆಗೆ ಮಣ್ಣಾಗಲು ಜಾಗ, ಇವೆಲ್ಲವೂ ಒಂದೇ ಮನೆತನದ ಆಶ್ರಯದಲ್ಲಿ ದೊರೆಯುತ್ತಿದ್ದವು. ಬೈಕಲಾದಲ್ಲಿ ಅವರು ಕಟ್ಟಿಸಿದ ಮಾಗೆನ್ ಡೇವಿಡ್ ಸಿನಗಾಗ್ 1860ರ ದಶಕದಲ್ಲಿ ಪೂರ್ಣಗೊಂಡಿತು. ಯೆಹೂದಿ ಮಕ್ಕಳು ಹೀಬ್ರೂವಿನೊಂದಿಗೆ ಲೌಕಿಕ ವಿದ್ಯೆಯನ್ನೂ ಕಲಿಯಲು ಶಾಲೆ ನಡೆಯಿತು. ಅದೇ ಬೈಕಲಾದಲ್ಲಿದ್ದ ಸಸೂನರ ಭವ್ಯ ನಿವಾಸವೇ ಇಂದಿನ ಮಸೀನಾ ಆಸ್ಪತ್ರೆ.

ಮನೆಯೇ ಪಾಠಶಾಲೆ

ಇಬ್ಬರು ಪತ್ನಿಯರಿಂದ ಡೇವಿಡ್ ಅವರಿಗೆ ಎಂಟು ಮಂದಿ ಗಂಡುಮಕ್ಕಳು, ಹಲವು ಹೆಣ್ಣುಮಕ್ಕಳು. ಆಲ್ಬರ್ಟ್, ಎಲಿಯಾಸ್ ಮೊದಲ ಪತ್ನಿಯ ಮಕ್ಕಳು. ಸಸೂನ್ ಡೇವಿಡ್, ರೂಬೆನ್, ಆರ್ಥರ್, ಆರನ್, ಸೊಲೊಮನ್, ಫ್ರೆಡರಿಕ್ ಎರಡನೆಯ ಪತ್ನಿಯ ಮಕ್ಕಳು. ಇಷ್ಟು ದೊಡ್ಡ ಸಂಸಾರವನ್ನು ಅವರು ಎರಡು ಕಟ್ಟುಗಳಿಂದ ಹಿಡಿದಿಟ್ಟಿದ್ದರು. ಒಂದು ಶಾಸ್ತ್ರಪಾಠ, ಇನ್ನೊಂದು ಸಬ್ಬತ್.

ಶುಕ್ರವಾರ ಸೂರ್ಯ ಮುಳುಗುವುದರಿಂದ ಶನಿವಾರ ರಾತ್ರಿ ನಕ್ಷತ್ರ ಮೂಡುವ ತನಕ ಯೆಹೂದಿಗಳಿಗೆ ಸಬ್ಬತ್, ಅಂದರೆ ವಿಶ್ರಾಂತಿಯ ದಿನ. ದುಡಿಮೆ ಇಲ್ಲ, ವ್ಯವಹಾರ ಇಲ್ಲ, ಒಲೆ ಹಚ್ಚುವಂತಿಲ್ಲ. ಕೋಟ್ಯಂತರ ರೂಪಾಯಿ ವಹಿವಾಟಿನ ಸಸೂನ್ ಸಂಸ್ಥೆಯ ಕಚೇರಿಯೂ ಶನಿವಾರ ಮುಚ್ಚಿರುತ್ತಿತ್ತು. ಶುಕ್ರವಾರ ಸಂಜೆ ದೀಪ ಹಚ್ಚಿ, ದ್ರಾಕ್ಷಾರಸದ ಬಟ್ಟಲು ಹಿಡಿದು ಪ್ರಾರ್ಥಿಸಿ, ರೊಟ್ಟಿ ಮುರಿದು ಹಂಚಿ ಇಡೀ ಕುಟುಂಬ ಒಟ್ಟಿಗೆ ಊಟಕ್ಕೆ ಕುಳಿತುಕೊಳ್ಳುವುದು ಪದ್ಧತಿ. ಮರುದಿನದ ಊಟಕ್ಕೆ ಕೋಳಿ ಮತ್ತು ಅಕ್ಕಿಯನ್ನು ಹಿಂದಿನ ಸಂಜೆಯೇ ಪಾತ್ರೆಗೆ ಹಾಕಿ, ಆರುವ ಕೆಂಡದ ಮೇಲೆ ರಾತ್ರಿಯಿಡೀ ಬೇಯಲು ಬಿಡುವುದು ಬಾಗ್ದಾದಿ ಮನೆಗಳ ಕ್ರಮ. ಹೊಸ ವರ್ಷದ ರಾತ್ರಿ ಖರ್ಜೂರ, ದಾಳಿಂಬೆ, ಸೋರೆಕಾಯಿಗಳನ್ನು ಒಂದೊಂದಾಗಿ ಎತ್ತಿಕೊಂಡು, ಬರುವ ವರ್ಷ ಒಳಿತಾಗಲಿ ಎಂದು ಪ್ರಾರ್ಥಿಸಿ ತಿನ್ನುತ್ತಾರೆ. ಯುಗಾದಿಯ ಬೇವು ಬೆಲ್ಲ ತಿಂದು ಬೆಳೆದ ನಮಗೆ ಇದು ತೀರ ಅಪರಿಚಿತ ಎನಿಸದು.

ಅಡುಗೆಮನೆಯ ಇನ್ನೊಂದು ಸ್ವಾರಸ್ಯವೂ ಉಂಟು. ಇಂದು ಇರಾಕ್ ಮತ್ತು ಇಸ್ರೇಲಿನಲ್ಲಿ ಮನೆಮಾತಾಗಿರುವ ಮಾವಿನ ಉಪ್ಪಿನಕಾಯಿಯ ಹೆಸರು ಅಂಬಾ. ಮರಾಠಿಯ ಆಂಬಾ ಎಂಬ ಪದವೇ ಹಡಗು ಹತ್ತಿ ಬಸ್ರಾಕ್ಕೆ ಹೋಗಿ ಅಲ್ಲಿ ನೆಲೆಸಿದೆ. ಅದನ್ನು ಮೊದಲು ಕಳುಹಿಸಿದ್ದು ಸಸೂನ್ ಮನೆತನದವರೇ ಎಂಬ ಕತೆ ಬಾಗ್ದಾದಿ ಯೆಹೂದಿಗಳಲ್ಲಿ ಚಾಲ್ತಿಯಲ್ಲಿದೆ.

ಮಕ್ಕಳಿಗೆ ಹೀಬ್ರೂ ಶಾಸ್ತ್ರಪಾಠ ಕಡ್ಡಾಯವಾಗಿತ್ತು. ಆ ಕಲಿಕೆ ವ್ಯಾಪಾರಕ್ಕೂ ಒದಗಿತು. ಸಂಸ್ಥೆಯ ಪತ್ರ ವ್ಯವಹಾರ ನಡೆಯುತ್ತಿದ್ದುದು ಅರಬ್ಬಿ ಭಾಷೆಯಲ್ಲಿ, ಆದರೆ ಬರೆಯುತ್ತಿದ್ದುದು ಹೀಬ್ರೂ ಲಿಪಿಯಲ್ಲಿ. ಅನ್ಯರಿಗೆ ಸುಲಭವಾಗಿ ತಿಳಿಯದ ಈ ಬರಹ ಮುಂಬಯಿಯಿಂದ ಶಾಂಘಾಯಿಯವರೆಗೆ ಮನೆಯ ಗುಟ್ಟನ್ನು ಕಾಪಾಡಿತು. ಇದೇ ಅರಬ್ಬಿ-ಹೀಬ್ರೂ ಬರಹದಲ್ಲಿ ಮುಂಬಯಿಯ ಬಾಗ್ದಾದಿಗಳು 1855ರಿಂದ ಸುಮಾರು ಹತ್ತು ವರ್ಷ ಒಂದು ಪತ್ರಿಕೆಯನ್ನೇ ನಡೆಸಿದ್ದರು. ಪರವೂರಿನಲ್ಲಿ ತಾಯ್ನುಡಿಯ ಪತ್ರಿಕೆ ನಡೆಸುವ ಕಷ್ಟ ಸುಖ ಏನೆಂಬುದು ಈ ಪುಟದ ಓದುಗರಿಗೆ ಹೇಳಬೇಕಾಗಿಲ್ಲ.

ಅಫೀಮಿನ ಅಧ್ಯಾಯ

ಈ ಐಶ್ವರ್ಯ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಸಸೂನರ ಚರಿತ್ರೆ ಬರೆಯುವುದು ನ್ಯಾಯವಲ್ಲ. 1844ರಲ್ಲಿ ಎರಡನೆಯ ಮಗ ಎಲಿಯಾಸ್ ಚೀನಕ್ಕೆ ಹೋದರು. ಮೊದಲ ಅಫೀಮು ಯುದ್ಧದಲ್ಲಿ ಚೀನ ಸೋತು, ಬಂದರುಗಳನ್ನು ತೆರೆಯಬೇಕಾಗಿ ಬಂದ ಹೊಸತು. ಕ್ಯಾಂಟನ್, ಹಾಂಗ್‌ಕಾಂಗ್, ಶಾಂಘಾಯಿಗಳಲ್ಲಿ ಸಸೂನ್ ಸಂಸ್ಥೆಯ ಶಾಖೆಗಳು ತೆರೆದುಕೊಂಡವು. ಇಲ್ಲಿಂದ ಹತ್ತಿ, ನೂಲಿನೊಂದಿಗೆ ಹೋಗುತ್ತಿದ್ದ ಮುಖ್ಯ ಸರಕು ಅಫೀಮು. ಮಾಳವ ಪ್ರದೇಶದ ಅಫೀಮು ಮುಂಬಯಿ ಬಂದರಿನ ಮೂಲಕವೇ ಚೀನಕ್ಕೆ ಸಾಗುತ್ತಿತ್ತು. ಮುಂಬಯಿಯ ಪಾರ್ಸಿ, ಗುಜರಾತಿ ವರ್ತಕರು, ಸ್ಕಾಟ್ಲೆಂಡಿನ ದೊಡ್ಡ ಸಂಸ್ಥೆಗಳು ಎಲ್ಲರೂ ಅದರಲ್ಲಿ ಪಾಲುದಾರರು. ಕೊನೆಗೆ 1870ರ ದಶಕದ ಹೊತ್ತಿಗೆ ಅವರೆಲ್ಲರನ್ನೂ ಹಿಂದಿಕ್ಕಿ ಈ ವ್ಯಾಪಾರದಲ್ಲಿ ಮೇಲುಗೈ ಸಾಧಿಸಿದ್ದು ಸಸೂನ್ ಮನೆತನ.

ಅಂದಿನ ಬ್ರಿಟಿಷ್ ಕಾನೂನಿಗೆ ಅದು ತಪ್ಪಾಗಿರಲಿಲ್ಲ. ಸರಕಾರವೇ ಅದರಿಂದ ತೆರಿಗೆ ಪಡೆಯುತ್ತಿತ್ತು. ಆದರೆ ಚೀನದ ಮನೆಮನೆಗಳಲ್ಲಿ ಆ ಚಟ ಮಾಡಿದ ಹಾನಿ ಸಣ್ಣದಲ್ಲ. ಪುಣೆಯಲ್ಲಿ ರೋಗಿಗಳಿಗೆ ಮಂಚ ಹಾಕಿಸಿದ ಹಣದಲ್ಲಿ ಇನ್ನೊಂದು ದೇಶದ ರೋಗದ ಪಾಲೂ ಇತ್ತು. ದಾನವನ್ನು ಸ್ಮರಿಸುವಾಗ ಈ ಸತ್ಯವನ್ನೂ ಜೊತೆಗೇ ಇಟ್ಟುಕೊಳ್ಳಬೇಕು. ಒಂದರಿಂದ ಇನ್ನೊಂದು ಅಳಿಸಿಹೋಗುವುದಿಲ್ಲ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತುಹೋಗಿ, ಮುಂಬಯಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಸಸೂನರ ಸಂಪತ್ತು ಮತ್ತಷ್ಟು ಬೆಳೆಯಿತು. ಅವರ ದೊಡ್ಡ ದಾನಗಳು ಹೆಚ್ಚಾಗಿ ಈ ಕಾಲದವು.

ಸ್ವಸಮಾಜದ ಗಡಿ ದಾಟಿದ ದಾನ

ಆದಾಯದ ಹತ್ತನೇ ಒಂದು ಪಾಲನ್ನು ಧರ್ಮಕ್ಕೆ ಮೀಸಲಿಡುವುದು ಯೆಹೂದಿಗಳ ಪ್ರಾಚೀನ ಸಂಪ್ರದಾಯ. ಡೇವಿಡ್ ಸಸೂನರು ಅದನ್ನು ಸ್ವಸಮಾಜಕ್ಕೆ ಮಾತ್ರ ಸೀಮಿತಗೊಳಿಸಲಿಲ್ಲ. ಬೀದಿಪಾಲಾದ, ಸಣ್ಣಪುಟ್ಟ ಅಪರಾಧಗಳಲ್ಲಿ ಸಿಕ್ಕಿಬಿದ್ದ ಹುಡುಗರನ್ನು ಜೈಲಿಗೆ ತಳ್ಳುವ ಬದಲು ಕಸುಬು ಕಲಿಸಬೇಕೆಂಬ ಉದ್ದೇಶದಿಂದ 1857ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸುಧಾರಣಾ ಶಾಲೆಗೆ ನೆರವಾದರು. ಮಾಹಿಮ್‌ನಲ್ಲಿ ಅವರ ಹೆಸರಿನ ಔದ್ಯೋಗಿಕ ಶಾಲೆ ಅದರದೇ ಮುಂದುವರಿಕೆ. ರಾಣಿಬಾಗ್ ಎಂದು ನಾವು ಕರೆಯುವ ಬೈಕಲಾದ ಜೀಜಾಮಾತಾ ಉದ್ಯಾನದ ಗಡಿಯಾರ ಗೋಪುರಕ್ಕೂ ಅವರದೇ ಹೆಸರು.

ಮುಂಬಯಿ ಕೋಟೆ ಪ್ರದೇಶದ ಕಾಳಾ ಘೋಡಾದಲ್ಲಿರುವ ಡೇವಿಡ್ ಸಸೂನ್ ಗ್ರಂಥಾಲಯವನ್ನು ಬಲ್ಲವರು ನಮ್ಮಲ್ಲಿ ಅನೇಕರು. 1847ರಲ್ಲಿ ಟಂಕಸಾಲೆ ಮತ್ತು ಸರಕಾರಿ ಹಡಗುಕಟ್ಟೆಯ ಯಂತ್ರ ಕೆಲಸಗಾರರು ಓದಿಗಾಗಿ ಕಟ್ಟಿಕೊಂಡ ಒಂದು ಪುಟ್ಟ ಸಂಘದಿಂದ ಅದು ಹುಟ್ಟಿತು. ಅದರ ಕಟ್ಟಡಕ್ಕೆ ಸಸೂನರು 60,000 ರೂಪಾಯಿ ನೀಡಿದರು. 1870ರಲ್ಲಿ ಕಟ್ಟಡ ಪೂರ್ಣಗೊಂಡಾಗ ಅವರು ಇರಲಿಲ್ಲ. ದುಡಿಯುವವರು ಓದಬೇಕು ಎಂಬ ಹಂಬಲದ ಬೆಲೆ ಏನೆಂಬುದು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು.

ಪುಣೆಯ ನಂಟು

ಬ್ರಿಟಿಷರ ಕಾಲದಲ್ಲಿ ಮಳೆಗಾಲ ಬಂತೆಂದರೆ ಮುಂಬಯಿ ಪ್ರಾಂತ್ಯದ ಗವರ್ನರ್ ಸಹಿತ ಇಡೀ ಸರಕಾರ ಪುಣೆಗೆ ವಲಸೆ ಬರುತ್ತಿತ್ತು. ಸಿರಿವಂತ ವ್ಯಾಪಾರಿಗಳೂ ಹಿಂದೆಯೇ ಬರುತ್ತಿದ್ದರು. 1863ರಲ್ಲಿ ಭೋರ್ ಘಾಟಿನ ರೈಲು ಮಾರ್ಗ ಪೂರ್ಣಗೊಂಡು ಪ್ರಯಾಣ ಸುಲಭವಾಯಿತು. ಮಗ ಆಲ್ಬರ್ಟ್ ಅವರು ಗಾರ್ಡನ್ ರೀಚ್ ಎಂಬ ಮಹಲನ್ನು 1862ರಿಂದ 1864ರ ಅವಧಿಯಲ್ಲಿ ಇಲ್ಲಿ ಕಟ್ಟಿಸಿದರು. ವೃದ್ಧಾಪ್ಯದ ಡೇವಿಡ್ ಸಸೂನರಿಗೂ ಪುಣೆಯ ತಂಪು ಹವೆ ಒಗ್ಗಿತು.

ಕುಟುಂಬ ಎಲ್ಲಿ ನೆರೆಯುತ್ತದೋ ಅಲ್ಲಿ ಪ್ರಾರ್ಥನೆಗೂ ಒಂದು ನೆಲೆ ಬೇಕು. ಹಾಗಾಗಿ 1863ರಲ್ಲಿ ಸಿನಗಾಗ್‌ನ ಕೆಲಸ ಆರಂಭವಾಯಿತು. ನಕ್ಷೆ ತಯಾರಿಸಿದವರು ಹೆನ್ರಿ ಸೇಂಟ್ ಕ್ಲೇರ್ ವಿಲ್ಕಿನ್ಸ್ ಎಂಬ ಸೇನಾ ಇಂಜಿನಿಯರರು. ಕೆಂಪು ಇಟ್ಟಿಗೆ, ಕಲ್ಲು, ಚೂಪು ಕಮಾನು, ಸುಮಾರು 90 ಅಡಿ ಎತ್ತರದ ಗೋಪುರ. ಗೋಪುರದ ಗಡಿಯಾರ ಬಂದದ್ದು ಲಂಡನ್ನಿನಿಂದ. ಹೊರಗಿನಿಂದ ನೋಡಿದವರಿಗೆ ಇಗರ್ಜಿಯಂತೆ ಕಂಡರೂ ಒಳಗೆ ವಿಗ್ರಹವಾಗಲಿ, ಚಿತ್ರವಾಗಲಿ ಇಲ್ಲ. ಜೆರುಸಲೇಮಿನ ದಿಕ್ಕಿಗೆ ಮುಖಮಾಡಿದ ಗರ್ಭಗುಡಿಯಂತಹ ಕಪಾಟಿನಲ್ಲಿ ಚರ್ಮದ ಸುರುಳಿಯ ಮೇಲೆ ಕೈಯಲ್ಲೇ ಬರೆದ ತೋರಾ ಗ್ರಂಥಗಳಿರುತ್ತವೆ. ಬಾಗ್ದಾದಿ ಪದ್ಧತಿಯಂತೆ ಅವನ್ನು ನಿಲ್ಲಿಸಿಡುವಂತಹ ಗಟ್ಟಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಡುವೆ ವೇದಿಕೆ, ಅಲ್ಲಿ ನಿಂತು ವಾಚನ. ಹೆಂಗಸರಿಗೆ ಮೇಲಿನ ಉಪ್ಪರಿಗೆ. ಮಂದಿರದ ಹೆಸರು ಓಹೆಲ್ ಡೇವಿಡ್, ಅಂದರೆ ದಾವೀದನ ಗುಡಾರ. ಊರೂರು ಅಲೆದ ಮನೆತನದ ಯಜಮಾನ ಕಟ್ಟಿಸಿದ ಭವ್ಯ ಕಟ್ಟಡಕ್ಕೆ ಗುಡಾರ ಎಂಬ ಹೆಸರು ಬಂದದ್ದು ಅರ್ಥಪೂರ್ಣವಾಗಿದೆ.

ಆದರೆ ಅದರ ಬಾಗಿಲು ತೆರೆಯುವುದನ್ನು ನೋಡುವ ಭಾಗ್ಯ ಡೇವಿಡ್ ಸಸೂನರಿಗೆ ಒದಗಲಿಲ್ಲ. 1864ರ ನವೆಂಬರ್‌ನಲ್ಲಿ ಅವರು ಪುಣೆಯಲ್ಲೇ ನಿಧನ ಹೊಂದಿದರು. ಅರ್ಧ ಕಟ್ಟಿದ ಮಂದಿರದ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಿ, ಮೇಲೆ ಸಮಾಧಿ ಮಂಟಪ ಕಟ್ಟಲಾಯಿತು. 1867ರ ಸೆಪ್ಟೆಂಬರ್‌ನಲ್ಲಿ ಮಕ್ಕಳು ಮಂದಿರವನ್ನು ಪೂರ್ಣಗೊಳಿಸಿ ಪ್ರಾರ್ಥನೆಗೆ ತೆರೆದರು.

ಅವರ ದೇಣಿಗೆಯ ಆಸ್ಪತ್ರೆ ಆರಂಭಗೊಂಡದ್ದೂ ಅದೇ 1867ರಲ್ಲಿ. ಜಾತಿಮತದ ಭೇದವಿಲ್ಲದೆ ಬಡ ರೋಗಿಗಳಿಗಾಗಿ ಅದು ತೆರೆದುಕೊಂಡಿತು. ಮುಂದೆ ಮೊಮ್ಮಗ ಜೇಕಬ್ ಸಸೂನ್ ಅವರ ಕೊಡುಗೆಯಿಂದ ಅದು ಇನ್ನಷ್ಟು ಬೆಳೆಯಿತು. ಯೆರವಡಾ ಜೈಲಿನಲ್ಲಿದ್ದ ಮಹಾತ್ಮಾ ಗಾಂಧೀಜಿಯವರಿಗೆ 1924ರ ಜನವರಿ 12ರಂದು ಕರ್ನಲ್ ಮ್ಯಾಡಕ್ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆ ನಡೆಸಿದ್ದು ಇಲ್ಲಿಯೇ. ನಡುವೆ ವಿದ್ಯುತ್ ಕೈಕೊಟ್ಟು ಲಾಟೀನಿನ ಬೆಳಕಿನಲ್ಲಿ ಅದನ್ನು ಮುಗಿಸಬೇಕಾಯಿತು. ನಿರ್ಗತಿಕರು ಮತ್ತು ಅಂಗವಿಕಲರಿಗಾಗಿ 1860ರ ದಶಕದಲ್ಲಿ ಆರಂಭವಾದ ಡೇವಿಡ್ ಸಸೂನ್ ಅನಾಥ ಪಂಗು ಗೃಹ ಪುಣೆಯ ನವಿ ಪೇಠೆಯಲ್ಲಿ ನಿವಾರಾ ಎಂಬ ಹೆಸರಿನಲ್ಲಿ ವೃದ್ಧರಿಗೆ ಆಶ್ರಯ ನೀಡುತ್ತ ಬಂದಿದೆ.

ಹತ್ತು ಮಂದಿಯ ಲೆಕ್ಕ

ಪುಣೆಯಲ್ಲಿ ಯೆಹೂದಿಗಳೆಂದರೆ ಬಾಗ್ದಾದಿಗಳು ಮಾತ್ರವಲ್ಲ. ಅವರಿಗಿಂತ ಶತಮಾನಗಳ ಮೊದಲೇ ಕೊಂಕಣ ಕರಾವಳಿಯಲ್ಲಿ ನೆಲೆಸಿದ ಬೆನೆ ಇಸ್ರೇಲಿ ಸಮಾಜವಿದೆ. ಅಲಿಬಾಗ್ ಸಮೀಪದ ನವಗಾಂವ್ ಬಳಿ ಹಡಗು ಒಡೆದು, ಬದುಕಿ ಉಳಿದ ಏಳು ದಂಪತಿಗಳಿಂದ ತಮ್ಮ ಕುಲ ಬೆಳೆಯಿತು ಎಂಬುದು ಅವರ ನಂಬಿಕೆ. ಗಾಣದ ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು ಶನಿವಾರ ತೇಲಿ ಎಂದರು. ಮಾತು ಮರಾಠಿ, ಹೆಂಗಸರ ಉಡುಗೆ ಸೀರೆ, ಅಡ್ಡಹೆಸರು ಹಳ್ಳಿಯ ಹೆಸರಿಗೆ ಕರ್ ಸೇರಿಸಿದ್ದು. ಸೇನೆ ಮತ್ತು ಸರಕಾರಿ ನೌಕರಿಗಾಗಿ ಪುಣೆಗೆ ಬಂದ ಬೆನೆ ಇಸ್ರೇಲಿಗಳು ರಾಸ್ತಾ ಪೇಠೆಯಲ್ಲಿ 1921ರಲ್ಲಿ ಸುಕ್ಕತ್ ಶೆಲೊಮೊ ಎಂಬ ಸ್ವಂತ ಮಂದಿರ ಕಟ್ಟಿಕೊಂಡರು.

ಮದುವೆ, ಗೃಹಪ್ರವೇಶ, ಹರಕೆ ಸಂದಾಯದಂತಹ ಸಂದರ್ಭಗಳಲ್ಲಿ ಅವರು ಮಲಿದಾ ನಡೆಸುತ್ತಾರೆ. ತಟ್ಟೆಯಲ್ಲಿ ಸಿಹಿ ಅವಲಕ್ಕಿ, ತೆಂಗಿನ ತುರಿ, ಹಣ್ಣುಗಳನ್ನು ಜೋಡಿಸಿಟ್ಟು ಪ್ರವಾದಿ ಎಲಿಯಾಹುವನ್ನು ಸ್ಮರಿಸಿ, ಬಂಧುಬಳಗಕ್ಕೆ ಹಂಚುತ್ತಾರೆ. ಹೊಸ ವರ್ಷಕ್ಕೆ ತೆಂಗಿನ ಹಾಲಿನ ಹಲ್ವಾ ಆಗಲೇಬೇಕು. ಕರಾವಳಿಯಿಂದ ಬಂದ ನಮ್ಮವರಿಗೆ ಅವಲಕ್ಕಿ, ತೆಂಗಿನಕಾಯಿ ಇಲ್ಲದ ಶುಭಕಾರ್ಯ ಇಲ್ಲದಿರುವಂತೆಯೇ ಇದು.

ಖೇದದ ಸಂಗತಿಯೆಂದರೆ, ಒಂದೇ ಧರ್ಮದವರಾದರೂ ಬಾಗ್ದಾದಿಗಳು ಬೆನೆ ಇಸ್ರೇಲಿಗಳನ್ನು ಸಮಾನರೆಂದು ಒಪ್ಪಲಿಲ್ಲ. ಮುಂಬಯಿಗೆ ಬಂದ ಹೊಸತರಲ್ಲಿ ಬಾಗ್ದಾದಿಗಳು ಪ್ರಾರ್ಥಿಸಿದ್ದು ಬೆನೆ ಇಸ್ರೇಲಿಗಳು 1796ರಲ್ಲಿ ಕಟ್ಟಿದ ಮಂದಿರದಲ್ಲೇ. ಆದರೂ ದಫನಭೂಮಿಯಲ್ಲಿ ನಡುವೆ ಗೋಡೆ ಬೇಕೆಂಬ ಬೇಡಿಕೆಯನ್ನು ಬಾಗ್ದಾದಿ ಮುಖಂಡರು 1830ರ ದಶಕದಲ್ಲೇ ಸರಕಾರದ ಮುಂದಿಟ್ಟಿದ್ದರು. ಮದುವೆ ಸಂಬಂಧವಂತೂ ದೂರದ ಮಾತಾಗಿತ್ತು. ಸ್ವಸಮಾಜದ ಹೊರಗಿನ ರೋಗಿಗೆ ಬಾಗಿಲು ತೆರೆದ ಮನೆತನದ ಕಾಲದಲ್ಲೇ ಸ್ವಧರ್ಮದ ಬಡವನೆದುರು ಗೋಡೆಯೂ ಎದ್ದಿತ್ತು.

ಕಾಲ ಇದಕ್ಕೆ ತನ್ನದೇ ಉತ್ತರ ಕೊಟ್ಟಿತು. ಯೆಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಸಂಪ್ರದಾಯದ ಪ್ರಕಾರ ಹದಿಮೂರು ದಾಟಿದ ಕನಿಷ್ಠ ಹತ್ತು ಮಂದಿ ಗಂಡಸರು ಬೇಕು. ಇದಕ್ಕೆ ಮಿನ್ಯಾನ್ ಎನ್ನುತ್ತಾರೆ. ಕಟ್ಟಡ ಎಷ್ಟೇ ದೊಡ್ಡದಿರಲಿ, ಹತ್ತನೆಯವನು ಬರದಿದ್ದರೆ ಸಾರ್ವಜನಿಕ ತೋರಾ ವಾಚನ ನಡೆಯುವುದಿಲ್ಲ. 1947ರ ಸ್ವಾತಂತ್ರ್ಯ ಮತ್ತು 1948ರ ಇಸ್ರೇಲ್ ಸ್ಥಾಪನೆಯ ನಂತರ ಬಾಗ್ದಾದಿಗಳು ಇಂಗ್ಲೆಂಡ್, ಆಸ್ಟ್ರೇಲಿಯಾ, ಇಸ್ರೇಲಿಗೆ ಹೊರಟುಹೋದರು. ಬೆನೆ ಇಸ್ರೇಲಿಗಳಲ್ಲೂ ಬಹುಪಾಲು ಮಂದಿ ಇಸ್ರೇಲಿಗೆ ವಲಸೆ ಹೋದರು. ಇಂದು ಲಾಲ್ ದೇವೂಳಿನಲ್ಲಿ ಆ ಹತ್ತರ ಲೆಕ್ಕವನ್ನು ತುಂಬಿಸುವವರು ಹೆಚ್ಚಾಗಿ ಇಲ್ಲೇ ಉಳಿದ ಬೆನೆ ಇಸ್ರೇಲಿ ಕುಟುಂಬಗಳವರು. ಯಾರನ್ನು ಅಂದು ದೂರ ಇಡಲಾಗಿತ್ತೋ ಅವರೇ ಇಂದು ಸಸೂನರ ಸಮಾಧಿಯ ಪಕ್ಕದ ಮಂದಿರದಲ್ಲಿ ದೀಪ ಆರದಂತೆ ನೋಡಿಕೊಂಡಿದ್ದಾರೆ. 2016ರಲ್ಲಿ ಮಹಾರಾಷ್ಟ್ರ ಸರಕಾರ ಯೆಹೂದಿಗಳಿಗೆ ಅಲ್ಪಸಂಖ್ಯಾಕರ ಸ್ಥಾನಮಾನ ನೀಡಿತು.

ಚದುರಿದ ಕುಡಿಗಳು

ಡೇವಿಡ್ ಅವರ ನಿಧನದ ಬಳಿಕ ಮನೆತನದ ಐಕ್ಯ ಬಹುಕಾಲ ಉಳಿಯಲಿಲ್ಲ. ಎಲಿಯಾಸ್ 1867ರಲ್ಲಿ ಬೇರೆಯಾಗಿ ಇ. ಡಿ. ಸಸೂನ್ ಸಂಸ್ಥೆ ಸ್ಥಾಪಿಸಿದರು. ಹಿರಿಯ ಮಗ ಆಲ್ಬರ್ಟ್ 1875ರಲ್ಲಿ ಕೊಲಾಬಾದಲ್ಲಿ ಸಸೂನ್ ಡಾಕ್ ಕಟ್ಟಿಸಿದರು. ಇಂದಿಗೂ ಮುಂಬಯಿಯ ಮೀನು ವ್ಯಾಪಾರದ ಕೇಂದ್ರ ಅದು. ಕಾಳಾ ಘೋಡಾಕ್ಕೆ ಆ ಹೆಸರು ತಂದ ಕುದುರೆ ಪ್ರತಿಮೆಯೂ ಆಲ್ಬರ್ಟ್ ಅವರ ಕೊಡುಗೆ. ಜೇಕಬ್ ಅವರು ತಂದೆ ಎಲಿಯಾಸರ ನೆನಪಿಗೆ ಮುಂಬಯಿ ಕೋಟೆಯಲ್ಲಿ 1884ರಲ್ಲಿ ಕೆನೆಸೆತ್ ಎಲಿಯಾಹು ಸಿನಗಾಗ್ ಕಟ್ಟಿಸಿದರು. ಕ್ರಮೇಣ ಮಕ್ಕಳು ಒಬ್ಬೊಬ್ಬರಾಗಿ ಲಂಡನ್ನಿಗೆ ಹೋಗಿ ಆಂಗ್ಲ ಶ್ರೀಮಂತರೊಂದಿಗೆ ಬೆರೆತುಹೋದರು. ಮೊದಲ ಮಹಾಯುದ್ಧದ ಕವಿಯೆಂದು ಹೆಸರಾದ ಸಿಗ್‌ಫ್ರಿಡ್ ಸಸೂನ್ ಅವರು ಡೇವಿಡ್ ಅವರ ಮರಿಮಗ. ಅವರು ಬೆಳೆದದ್ದು ತಾಯಿಯ ಕ್ರೈಸ್ತ ಪದ್ಧತಿಯಲ್ಲಿ.

ವಿದ್ಯೆಯ ಕುಡಿ ಮಾತ್ರ ಒಂದು ಕವಲಿನಲ್ಲಿ ಹಸಿರಾಗಿ ಉಳಿಯಿತು. ಮಗ ಸೊಲೊಮನ್ ಅವರ ಪತ್ನಿ ಫ್ಲೋರಾ ಹೀಬ್ರೂ, ಅರಾಮಿಕ್, ಅರಬ್ಬಿ ಬಲ್ಲ ವಿದುಷಿ. ಗಂಡ 1894ರಲ್ಲಿ ತೀರಿಕೊಂಡ ಮೇಲೆ ಮುಂಬಯಿಯ ಸಂಸ್ಥೆಯನ್ನು ತಾನೇ ನಡೆಸಿದರು. ಪ್ಲೇಗ್ ಕಾಲದಲ್ಲಿ ಹಾಫ್‌ಕಿನ್ ಅವರ ಲಸಿಕೆಗೆ ಬೆಂಬಲವಾಗಿ ನಿಂತರು. 1901ರಲ್ಲಿ ಲಂಡನ್ನಿಗೆ ಹೋದ ನಂತರವೂ ಪಂಡಿತರೊಂದಿಗೆ ಶಾಸ್ತ್ರಚರ್ಚೆ ಬಿಡಲಿಲ್ಲ. ಮುಂಬಯಿಯಲ್ಲಿ 1880ರಲ್ಲಿ ಹುಟ್ಟಿದ ಅವರ ಮಗ ಡೇವಿಡ್ ಸೊಲೊಮನ್ ಸಸೂನ್ ಹೀಬ್ರೂ ಹಸ್ತಪ್ರತಿಗಳ ಸಂಗ್ರಹಕ್ಕೆ ಬದುಕನ್ನೇ ಮುಡಿಪಾಗಿಟ್ಟರು. 1932ರಲ್ಲಿ ಅವರು ಪ್ರಕಟಿಸಿದ ಹಸ್ತಪ್ರತಿ ಸೂಚಿಗೆ ಇಟ್ಟ ಹೆಸರು ಓಹೆಲ್ ದಾವಿದ್. ಪುಣೆಯ ಮಂದಿರದ್ದೂ ಅದೇ ಹೆಸರು. ಅವರ ಸಂಗ್ರಹದಲ್ಲಿದ್ದ ಸಾವಿರ ವರ್ಷಕ್ಕೂ ಹಳೆಯ ಹೀಬ್ರೂ ಬೈಬಲ್ ಪ್ರತಿ 2023ರಲ್ಲಿ ನ್ಯೂಯಾರ್ಕಿನಲ್ಲಿ 3.81 ಕೋಟಿ ಡಾಲರಿಗೆ ಹರಾಜಾಗಿ, ಟೆಲ್ ಅವೀವ್‌ನ ವಸ್ತುಸಂಗ್ರಹಾಲಯವೊಂದಕ್ಕೆ ಸೇರಿತು. ಅದರ ಹೆಸರು ಸಸೂನ್ ಪ್ರತಿ.

ನಮಗೊಂದು ಪಾಠ

ಸಸೂನರ ವ್ಯಾಪಾರ ಸಂಸ್ಥೆ ಇಂದು ಇಲ್ಲ. ಮಹಲುಗಳು ಕೈ ಬದಲಾಯಿಸಿವೆ. ವಂಶದವರು ಭಾರತದಲ್ಲಿ ಉಳಿದಿಲ್ಲ. ಆದರೂ ಪುಣೆಯ ಬಡವನ ಬಾಯಲ್ಲಿ ಆ ಹೆಸರು ದಿನಕ್ಕೆ ಸಾವಿರ ಸಲ ಬರುತ್ತದೆ. ಸ್ವಸಮಾಜಕ್ಕಾಗಿ ಕಟ್ಟಿದ್ದು ಸಮಾಜ ಕರಗಿದಂತೆ ಹತ್ತನೆಯವನನ್ನು ಎದುರು ನೋಡುತ್ತ ನಿಂತಿದೆ. ಎಲ್ಲರಿಗಾಗಿ ಕಟ್ಟಿದ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿಲ್ಲ. ಗ್ರಂಥಾಲಯದ ಓದುಕೋಣೆ 2023ರಲ್ಲಿ ಜೀರ್ಣೋದ್ಧಾರಗೊಂಡು ಮತ್ತೆ ಓದುಗರಿಂದ ತುಂಬಿದೆ.

ಇದರಿಂದ ಮಂದಿರ ಕಟ್ಟುವುದು ವ್ಯರ್ಥ ಎಂದು ಅರ್ಥವಲ್ಲ. ಕೂಡಿ ಪ್ರಾರ್ಥಿಸುವ, ಕೂಡಿ ಉಣ್ಣುವ, ಮಕ್ಕಳಿಗೆ ತಮ್ಮ ಅಕ್ಷರ ಕಲಿಸುವ ನೆಲೆ ಇದ್ದುದರಿಂದಲೇ ಬಾಗ್ದಾದಿನ ಕೆಲವೇ ಕುಟುಂಬಗಳು ನೂರು ವರ್ಷ ಪರವೂರಿನಲ್ಲಿ ತಮ್ಮತನ ಉಳಿಸಿಕೊಂಡವು. ನಮ್ಮ ಸಂಘಗಳು, ಭವನಗಳು, ಕನ್ನಡ ಶಾಲೆಗಳು ಮಾಡುತ್ತಿರುವುದೂ ಅದನ್ನೇ. ಆದರೆ ಹೊಸ ತಲೆಮಾರು ವಿದೇಶದತ್ತ ಮುಖ ಮಾಡಿರುವ ಈ ದಿನಗಳಲ್ಲಿ ನಮ್ಮ ಭವನಗಳ ಕುರ್ಚಿಗಳ ಲೆಕ್ಕದ ಜೊತೆಗೆ ಅವುಗಳಲ್ಲಿ ಕುಳಿತುಕೊಳ್ಳುವ ಮಕ್ಕಳ ಲೆಕ್ಕವನ್ನೂ ನಾವು ಇಟ್ಟುಕೊಳ್ಳಬೇಕು. ಜೊತೆಗೆ, ನಮ್ಮ ಬಾಗಿಲು ಯಾರಿಗೆ ತೆರೆದಿದೆ, ಯಾರಿಗೆ ಮುಚ್ಚಿದೆ ಎಂಬುದನ್ನೂ ನೋಡಿಕೊಳ್ಳಬೇಕು. ನಮ್ಮವರು ಕಟ್ಟಿದ ಶಾಲೆಗಳಲ್ಲಿ ಇಂದು ಮರಾಠಿ, ಹಿಂದಿ, ಗುಜರಾತಿ ಮಕ್ಕಳೂ ಕಲಿಯುತ್ತಿರುವುದು ಈ ದೃಷ್ಟಿಯಿಂದ ಅಭಿಮಾನದ ಸಂಗತಿ.

ಕ್ಯಾಂಪ್ ಕಡೆಗೆ ಹೋದಾಗ ಮೊಲೆದಿನಾ ರಸ್ತೆಯಲ್ಲಿ ಒಂದು ಕ್ಷಣ ನಿಂತು ಆ ಕೆಂಪು ಗೋಪುರವನ್ನು ನೋಡಿ. ಭದ್ರತೆಯ ಕಾರಣದಿಂದ ಒಳಗೆ ಹೋಗಲು ಮೊದಲೇ ಅನುಮತಿ ಪಡೆಯಬೇಕಾಗುತ್ತದೆ. ಮಕ್ಕಳು ಜೊತೆಗಿದ್ದರೆ ಆಸ್ಪತ್ರೆಗೆ ಹೆಸರು ಕೊಟ್ಟ ಹಿರಿಯರು ಈ ಗೋಡೆಯ ಆಚೆ ಮಲಗಿದ್ದಾರೆ ಎಂದು ತಿಳಿಸಿ. ಅವರೂ ನಮ್ಮಂತೆಯೇ ಹೊರಗಿನಿಂದ ಬಂದವರು ಎಂದು ಹೇಳಲು ಮರೆಯದಿರಿ.